ಗಣಕಯಂತ್ರದ ಹೆಪ್ಪು

ಹಾಲು ಮೊಸರಾಗಬೇಕಾದರೆ ಅದಕ್ಕೆ ಹೆಪ್ಪು ಹಾಕಬೇಕು. ಹೆಪ್ಪೆಂದರೆ ನಿನ್ನೆಯ ಮೊಸರಿನ ಒಂದು ಚಮಚೆ. ನಿನ್ನೆಯ ಮೊಸರಿಗೆ ಮೊನ್ನೆಯ ಮೊಸರು ಹೆಪ್ಪಾಗಿತ್ತು. ಹೀಗೆ ಹಿಂದೆ ಹಿಂದೆ ಹೋದರೆ ಮೊಟ್ಟಮೊದಲಿನ ಹೆಪ್ಪು ಎಲ್ಲಿಂದ ಬಂತು ಎಂಬ ಪ್ರಶ್ನೆ ಎದುರಾಗುತ್ತದೆ. ಅಡುಗೆಮನೆಯಲ್ಲಿ ಈ ಪ್ರಶ್ನೆ ಯಾರನ್ನೂ ಕಾಡುವುದಿಲ್ಲ. ಹೆಪ್ಪು ಮುಗಿದ ದಿನ ನೆರೆಮನೆಯಿಂದ ತಂದರಾಯಿತು. ಆದರೆ ಗಣಕಯಂತ್ರಗಳ ಚರಿತ್ರೆಯಲ್ಲಿ ಇದು ಬಹು ಮುಖ್ಯವಾದ ಪ್ರಶ್ನೆ. ಆ ಹೆಪ್ಪಿನ ಚರಿತ್ರೆಯನ್ನೂ, ಅದು ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಗೆ ಹರಿದುಬಂದ ಬಗೆಯನ್ನೂ ಇಂದು ಸಂಕ್ಷೇಪವಾಗಿ ಹೇಳಬೇಕೆಂದಿದ್ದೇನೆ.

ಗಣಕಯಂತ್ರವು ತಾನಾಗಿ ಏನನ್ನೂ ತಿಳಿಯದು. ಅದಕ್ಕೆ ಎಲ್ಲವನ್ನೂ ಆಜ್ಞೆಗಳ ರೂಪದಲ್ಲಿ ಹೇಳಬೇಕು. ಈ ಆಜ್ಞೆಗಳು ಡಿಸ್ಕಿನ ಮೇಲೆಯೋ ಟೇಪಿನ ಮೇಲೆಯೋ ಬರೆದಿರುತ್ತವೆ. ಅವನ್ನು ಅಲ್ಲಿಂದ ಓದಿ ಸ್ಮೃತಿಕೋಶಕ್ಕೆ ತಂದ ಮೇಲೆಯೇ ಯಂತ್ರ ಅವುಗಳಂತೆ ನಡೆಯಬಲ್ಲುದು. ಆದರೆ ಡಿಸ್ಕನ್ನು ಓದುವುದು ಹೇಗೆಂಬುದೂ ಒಂದು ಆಜ್ಞಾವಳಿಯೇ ಅಷ್ಟೆ. ಅದೂ ಡಿಸ್ಕಿನ ಮೇಲೆಯೇ ಇದ್ದರೆ ಅದನ್ನು ಓದುವವರು ಯಾರು? ಓದಲು ಕಲಿಸುವ ಪುಸ್ತಕವನ್ನು ಓದಲು ಬಾರದವನ ಕೈಗೆ ಕೊಟ್ಟಂತಾಯಿತು. ಈ ತೊಡಕನ್ನು ಬಿಡಿಸುವ ಪುಟ್ಟ ಆಜ್ಞಾವಳಿಗೆ ‘ಬೂಟ್ ಲೋಡರ್’ ಎಂದು ಹೆಸರು. ಮೂಲತಃ ಅದು ‘ಬೂಟ್‌ಸ್ಟ್ರಾಪ್’. ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದೆಳೆದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದು ಎಂಬ, ಅಸಾಧ್ಯವನ್ನು ಗೇಲಿ ಮಾಡುವ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಮಾತಿನಿಂದ ಆ ಪದ ಹುಟ್ಟಿದೆ. ಬೂಟಿಗಿಂತ ಹೆಪ್ಪೇ ನಮಗೆ ಹತ್ತಿರದ್ದಾದ್ದರಿಂದ ನಾನು ಇದನ್ನು ಹೆಪ್ಪೆಂದೇ ಕರೆಯುತ್ತೇನೆ.

ಮೊದಮೊದಲ ಯಂತ್ರಗಳಲ್ಲಿ ಹೆಪ್ಪು ಹಾಕುವವನು ಮನುಷ್ಯನೇ ಆಗಿದ್ದ. ೧೯೫೨ರಲ್ಲಿ ಐ.ಬಿ.ಎಂ. ಸಂಸ್ಥೆ ಪ್ರಕಟಿಸಿದ ೭೦೧ ಎಂಬ ಯಂತ್ರದಲ್ಲಿ ‘ಲೋಡ್’ ಎಂಬ ಒಂದು ಗುಂಡಿಯಿತ್ತು. ಅದನ್ನು ಒತ್ತಿದರೆ ಯಂತ್ರವು ರಂಧ್ರಪತ್ರದಿಂದಲೋ ಟೇಪಿನಿಂದಲೋ ಮೊದಲಿನ ಒಂದು ತುಣುಕನ್ನಷ್ಟೇ ಓದುತ್ತಿತ್ತು. ಆ ತುಣುಕಿನಲ್ಲಿ ಮುಂದಿನ ತುಣುಕನ್ನು ಓದಲು ಬೇಕಾದ ಆಜ್ಞೆ ಇರುತ್ತಿತ್ತು. ೧೯೭೦ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಮಾರುಕಟ್ಟೆಗೆ ತಂದ ಪಿ.ಡಿ.ಪಿ.-೧೧ ಎಂಬ ಯಂತ್ರದ ಮುಖದ ಮೇಲೆ ಸಾಲಾಗಿ ಸ್ವಿಚ್ಚುಗಳಿದ್ದುವು. ಕಾಗದದ ಟೇಪಿನಿಂದ ಓದಲು ಯಂತ್ರಕ್ಕೆ ಕಲಿಸುವ ಹೆಪ್ಪಿನಲ್ಲಿ ೧೪ ಪದಗಳು. ಒಂದೊಂದು ಪದಕ್ಕೆ ೧೬ ಅಂಕ. ಒಟ್ಟು ೨೨೪ ಅಂಕಗಳನ್ನು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ತುಂಬಬೇಕು. ಒಂದು ಸ್ವಿಚ್ಚು ತಪ್ಪಿದರೂ ಯಂತ್ರ ಮೂಕವಾಗಿ ನಿಲ್ಲುತ್ತಿತ್ತು. ದಿನವೂ ಯಂತ್ರವನ್ನು ನಡೆಸುತ್ತಿದ್ದವರಿಗೆ ಈ ಹದಿನಾಲ್ಕು ಸಂಖ್ಯೆಗಳು ಮಗ್ಗಿಯಂತೆ ಬಾಯಿಪಾಠವಾಗಿದ್ದುವು. ಎಂದರೆ, ಯಂತ್ರದ ಮೊದಲ ವಿದ್ಯೆ ಯಂತ್ರದಲ್ಲಿ ಇರಲಿಲ್ಲ, ಮನುಷ್ಯನ ನೆನಪಿನಲ್ಲಿತ್ತು. ಈ ಮಾತನ್ನು ಕೇಳುಗರು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಇದೇ ಪಿ.ಡಿ.ಪಿ.-೧೧ರ ಮೇಲೆ ಬೆಳೆದುದು ಯುನಿಕ್ಸ್. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ ೧೯೬೯ರಲ್ಲಿ ಇನ್ನೊಂದು ಹಳೆಯ ಯಂತ್ರದ ಮೇಲೆ ಅದನ್ನು ಆರಂಭಿಸಿ, ಅನಂತರ ಇದಕ್ಕೆ ತಂದರು. ಅದರ ಮೊದಲ ಕೈಪಿಡಿಯ ಕಾಲ ೧೯೭೧ರ ನವೆಂಬರ್. ೧೯೭೫ರ ಆರನೆಯ ಆವೃತ್ತಿಯ ಹೊತ್ತಿಗೆ ಅದು ವಿಶ್ವವಿದ್ಯಾಲಯಗಳಿಗೆ ಹರಡಿತ್ತು. ಆ ಆವೃತ್ತಿ ಎಚ್ಚರಗೊಳ್ಳುತ್ತಿದ್ದ ರೀತಿ ಸ್ವಾರಸ್ಯವಾದುದು. ಡಿಸ್ಕಿನ ಮೊಟ್ಟಮೊದಲ ಖಂಡದಲ್ಲಿ, ಅಂದರೆ ಸೊನ್ನೆಯ ಖಂಡದಲ್ಲಿ, ೫೧೨ ಬೈಟುಗಳ ಜಾಗ. ಅಷ್ಟರೊಳಗೆ ಹೆಪ್ಪು ಅಡಗಬೇಕು. ಯಂತ್ರ ಅದನ್ನು ಓದಿ ಸ್ಮೃತಿಯ ಮೊದಲ ಮನೆಯಲ್ಲಿ ಇಡುತ್ತದೆ. ಆದರೆ ಮುಂದೆ ಬರಬೇಕಾದ ಯುನಿಕ್ಸಿನ ತಿರುಳಿಗೂ ಅದೇ ಮನೆ ಬೇಕು. ಆದ್ದರಿಂದ ಹೆಪ್ಪು ಮಾಡುವ ಮೊದಲ ಕೆಲಸವೆಂದರೆ ತನ್ನನ್ನು ತಾನೇ ನಕಲು ಮಾಡಿಕೊಂಡು ಸ್ಮೃತಿಯ ಮೇಲ್ತುದಿಗೆ ಸರಿದುಕೊಳ್ಳುವುದು. ಬರುವ ಯಜಮಾನನಿಗೆ ಜಾಗ ತೆರವು ಮಾಡಿದ ಮೇಲೆಯೇ ಅದು ‘@’ ಎಂಬ ಒಂದು ಚಿಹ್ನೆಯನ್ನು ಮೂಡಿಸಿ, ಯಾರನ್ನು ಕರೆಯಬೇಕೆಂದು ಕೇಳುತ್ತಿತ್ತು. ನಡೆಸುವವನು ತಿರುಳಿನ ಕಡತದ ಹೆಸರನ್ನು ಟೈಪು ಮಾಡಬೇಕು. ಹೆಪ್ಪು ಡಿಸ್ಕಿನಲ್ಲಿ ಆ ಹೆಸರನ್ನು ಹುಡುಕಿ, ತಂದು ಕೂರಿಸಿ, ಅಧಿಕಾರವನ್ನು ಒಪ್ಪಿಸಿ, ಮರೆಯಾಗುತ್ತಿತ್ತು.

ಆ ಕಾಲದ ಇನ್ನೊಂದು ಕುರುಹನ್ನೂ ಇಲ್ಲಿ ಹೇಳಬೇಕು. ಯುನಿಕ್ಸಿನಲ್ಲಿ ನಡೆಸಬಹುದಾದ ಸಾಧಾರಣ ಕಡತದ ತಲೆಯಲ್ಲಿ ಅಷ್ಟಮಾನ ಪದ್ಧತಿಯ ೦೪೦೭ ಎಂಬ ಸಂಖ್ಯೆ ಇರುತ್ತಿತ್ತು. ಇದಕ್ಕೆ ‘ಮಾಯಾಸಂಖ್ಯೆ’ ಎಂದೇ ಹೆಸರು. ಅದರಲ್ಲಿ ಮಾಯೆಯೇನೂ ಇಲ್ಲ. ಪಿ.ಡಿ.ಪಿ.-೧೧ರ ಭಾಷೆಯಲ್ಲಿ ೦೪೦೭ ಎಂದರೆ ‘ಮುಂದಿನ ಏಳು ಪದಗಳನ್ನು ಹಾರಿ ಹೋಗು’ ಎಂಬ ಆಜ್ಞೆ. ಕಡತದ ತಲೆಬರಹ ಎಂಟು ಪದಗಳಷ್ಟು ಉದ್ದ. ತಲೆಬರಹ ಸಮೇತವಾಗಿ ಸ್ಮೃತಿಗೆ ಬಂದು ಬಿದ್ದರೂ ಯಂತ್ರ ಅದನ್ನು ಹಾರಿ ನಿಜವಾದ ಆಜ್ಞೆಗಳಿಗೆ ಹೋಗಲೆಂದು ಈ ಉಪಾಯ. ಕಾಲಕ್ರಮದಲ್ಲಿ ಹಾರುವ ಅಗತ್ಯ ಹೋಯಿತು, ಸಂಖ್ಯೆ ಉಳಿಯಿತು. ಆಜ್ಞೆಯಾಗಿದ್ದುದು ಬರಿಯ ಗುರುತಾಯಿತು. ಹೊಳೆಯೇ ಬತ್ತಿಹೋದ ಮೇಲೂ ಕಡವಿನಮನೆ ಎಂಬ ಹೆಸರು ಉಳಿಯುವುದಿಲ್ಲವೇ, ಹಾಗೆ.

೧೯೭೯ರ ಏಳನೆಯ ಆವೃತ್ತಿಯಲ್ಲಿ ಹೆಪ್ಪು ಎರಡು ಮೆಟ್ಟಿಲಿನದಾಯಿತು. ಡಿಸ್ಕುಗಳ ಬಗೆ ಹೆಚ್ಚಿದುದರಿಂದ ೫೧೨ ಬೈಟುಗಳಲ್ಲಿ ಎಲ್ಲ ವಿದ್ಯೆಯನ್ನೂ ತುರುಕುವುದು ಅಸಾಧ್ಯವಾಗಿತ್ತು. ಸೊನ್ನೆಯ ಖಂಡದ ಚಿಕ್ಕ ಹೆಪ್ಪು ‘ಬೂಟ್’ ಎಂಬ ದೊಡ್ಡ ಹೆಪ್ಪನ್ನು ತರುತ್ತದೆ. ದೊಡ್ಡ ಹೆಪ್ಪು ತಿರುಳನ್ನು ತರುತ್ತದೆ. ತೆರೆಯ ಮೇಲೆ ‘ಬೂಟ್’ ಎಂಬ ಪದವೂ ಅದರ ಕೆಳಗೆ ಎರಡು ಚುಕ್ಕೆಗಳೂ ಮೂಡುತ್ತಿದ್ದುವು. ಯುನಿಕ್ಸನ್ನು ಹೊಸದಾಗಿ ಅಣಿಗೊಳಿಸುವುದು ಹೇಗೆಂದು ಚಾರ್ಲ್ಸ್ ಹೇಲಿ ಮತ್ತು ಡೆನ್ನಿಸ್ ರಿಚಿ ಒಂದು ಕಿರುಹೊತ್ತಗೆಯನ್ನೇ ಬರೆದರು. ಟೇಪನ್ನು ಸಿಕ್ಕಿಸಿದ ಮೇಲೆ ಯಂತ್ರಕ್ಕೆ ಕೈಯಾರೆ ತುಂಬಬೇಕಾದ ಸಂಖ್ಯೆಗಳನ್ನು ಅದರಲ್ಲಿ ಅಚ್ಚು ಹಾಕಿಸಿದ್ದರು. ಬಾಯಿಪಾಠದ ವಿದ್ಯೆ ಹೀಗೆ ಕಾಗದಕ್ಕೆ ಇಳಿಯಿತು.

ಇಷ್ಟೆಲ್ಲ ಆದುದು ಸಾಗರದಾಚೆ. ನಮ್ಮ ಜಿಲ್ಲೆಗೂ ಇದಕ್ಕೂ ಏನು ಸಂಬಂಧ ಎಂದರೆ, ಬ್ಯಾಂಕುಗಳ ಸಂಬಂಧ. ಕೆನರಾ ಬ್ಯಾಂಕು ೧೯೦೬ರಲ್ಲಿ, ಕರ್ಣಾಟಕ ಬ್ಯಾಂಕು ೧೯೨೪ರಲ್ಲಿ, ವಿಜಯಾ ಬ್ಯಾಂಕು ೧೯೩೧ರಲ್ಲಿ ಮಂಗಳೂರಿನಲ್ಲಿ ಹುಟ್ಟಿದುವು. ಕಾರ್ಪೊರೇಷನ್ ಬ್ಯಾಂಕು ೧೯೦೬ರಲ್ಲಿ, ಸಿಂಡಿಕೇಟ್ ಬ್ಯಾಂಕು ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿದುವು. ರಿಸರ್ವ್ ಬ್ಯಾಂಕು ನೇಮಿಸಿದ ಡಾ. ಸಿ. ರಂಗರಾಜನ್ ಅವರ ಸಮಿತಿ ೧೯೮೪ರಲ್ಲಿ ವರದಿಯೊಪ್ಪಿಸಿ, ಬ್ಯಾಂಕುಗಳ ಕೆಲಸಕ್ಕೆ ಯಂತ್ರಗಳನ್ನು ತರುವ ದಾರಿಯನ್ನು ಸೂಚಿಸಿತು. ಆ ದಶಕದಲ್ಲಿ ಭಾರತದ ಬ್ಯಾಂಕುಗಳು ಕೊಂಡ ಕಿರುಗಣಕಗಳಲ್ಲಿ ಯುನಿಕ್ಸಿಗೇ ಪ್ರಾಶಸ್ತ್ಯ ದೊರೆಯಿತು. ಅತ್ತ ಮೈಕ್ರೋಸಾಫ್ಟ್ ೧೯೮೦ರಲ್ಲಿ ‘ಜೆನಿಕ್ಸ್’ ಎಂಬ ಹೆಸರಿನಿಂದ ಯುನಿಕ್ಸಿನ ಒಂದು ರೂಪವನ್ನು ಪ್ರಕಟಿಸಿತ್ತು. ಸಾಂತಾಕ್ರೂಜ್ ಆಪರೇಷನ್ ಎಂಬ ಸಂಸ್ಥೆ ಅದನ್ನು ಮೇಜಿನ ಮೇಲಿನ ಸಣ್ಣ ಯಂತ್ರಗಳಿಗೂ ಇಳಿಸಿತು. ಒಂದೇ ಪೆಟ್ಟಿಗೆಗೆ ನಾಲ್ಕೆಂಟು ಟರ್ಮಿನಲ್ಲುಗಳನ್ನು ಜೋಡಿಸಿ ಅಷ್ಟೂ ಮಂದಿ ಏಕಕಾಲದಲ್ಲಿ ಲೆಕ್ಕ ಬರೆಯಬಹುದಾಗಿದ್ದುದರಿಂದ, ಹೆಚ್ಚು ಹಣವಿಲ್ಲದ ಸಂಸ್ಥೆಗಳಿಗೂ ಇದು ಎಟುಕಿತು. ಈ ಯಂತ್ರಗಳೂ ಎಚ್ಚರವಾಗುವಾಗ ತೆರೆಯ ಮೇಲೆ ಮೂಡಿಸುತ್ತಿದ್ದುದು ಅದೇ ‘ಬೂಟ್’ ಎಂಬ ಪದ, ಅದೇ ಎರಡು ಚುಕ್ಕೆ. ಅದು ಬೆಲ್ ಪ್ರಯೋಗಾಲಯದ ಹೆಪ್ಪಿನ ವಂಶದ್ದೆಂದು ಅದರ ಮುಂದೆ ಕುಳಿತ ಗುಮಾಸ್ತನಿಗೆ ಯಾರೂ ಹೇಳಿರಲಿಲ್ಲ.

ಈ ಸಣ್ಣ ಯಂತ್ರಗಳಲ್ಲಿ ಹೆಪ್ಪಿನ ಸರಪಳಿ ಇನ್ನೂ ಒಂದು ಕೊಂಡಿ ಉದ್ದ. ಯಂತ್ರದೊಳಗೆ ಅಳಿಸಲಾಗದಂತೆ ಬರೆದ ಆಜ್ಞೆಗಳು ಮೊದಲು ಎದ್ದು ಡಿಸ್ಕಿನ ಮೊದಲ ೫೧೨ ಬೈಟುಗಳನ್ನು ಓದುತ್ತವೆ. ಅದರಲ್ಲಿ ೪೪೬ ಬೈಟು ಆಜ್ಞೆಗಳಿಗೆ. ೬೪ ಬೈಟು ಡಿಸ್ಕಿನ ನಾಲ್ಕು ಪಾಲುಗಳ ಪಟ್ಟಿಗೆ. ಉಳಿದ ಎರಡು ಬೈಟು, ಇದು ಹೆಪ್ಪು ಹೌದೆಂಬ ಮುದ್ರೆಗೆ. ಆ ಹೆಪ್ಪು ತನ್ನ ಪಾಲಿನ ಮೊದಲ ಖಂಡವನ್ನು, ಅದು ದೊಡ್ಡ ಹೆಪ್ಪನ್ನು, ಅದು ತಿರುಳನ್ನು ಕರೆತರಬೇಕು. ಡಿಸ್ಕಿನ ಅಳತೆ ಎಷ್ಟೆಂಬ ತಿಳಿವಳಿಕೆಯಂತೂ ಡಿಸ್ಕಿನಲ್ಲಿ ಇರುತ್ತಿರಲಿಲ್ಲ. ಒಂದು ಪುಟ್ಟ ಬ್ಯಾಟರಿಯ ಆಸರೆಯಲ್ಲಿ ಬೇರೆ ಕಡೆ ಇರುತ್ತಿತ್ತು. ಬ್ಯಾಟರಿ ಸತ್ತರೆ ಯಂತ್ರಕ್ಕೆ ತನ್ನ ಡಿಸ್ಕಿನ ಪರಿಚಯವೇ ಮರೆತುಹೋಗುತ್ತಿತ್ತು.

ಇದರ ಅರ್ಥವೇನೆಂಬುದು ನನಗೆ ಚೆನ್ನಾಗಿ ಮನದಟ್ಟಾದುದು ೨೦೦೯ರ ಮಳೆಗಾಲದ ಕೊನೆಯಲ್ಲಿ, ಬಂಟ್ವಾಳ ತಾಲೂಕಿನ ಒಂದು ಸಣ್ಣ ಸಹಕಾರಿ ಸಂಸ್ಥೆಯ ಅಟ್ಟದ ಮೇಲೆ. ಒಬ್ಬ ರೈತರು ಹಿಂದೆ ತೋಟವನ್ನು ಅಡವಿಟ್ಟು ಪಡೆದಿದ್ದ ಸಾಲವನ್ನು ತೀರಿಸಿ ಕಾಲವಾಗಿದ್ದರು. ತೀರಿದ ಕಾಗದ ಮನೆಯವರಲ್ಲಿ ಇರಲಿಲ್ಲ. ಪಾಲುಪಟ್ಟಿಯ ಹೊತ್ತಿನಲ್ಲಿ ಋಣಭಾರ ಇನ್ನೂ ಪಹಣಿಯಲ್ಲಿ ಕಾಣಿಸಿಕೊಂಡು ತೊಂದರೆಯಾಯಿತು. ಸಂಸ್ಥೆಯವರು ಹುಡುಕಿದರೆ ಆ ವರ್ಷಗಳ ಲೆಡ್ಜರನ್ನು ಗೆದ್ದಲು ತಿಂದಿತ್ತು. ಲೆಕ್ಕ ಉಳಿದಿದ್ದರೆ ಹಳೆಯ ಯುನಿಕ್ಸ್ ಯಂತ್ರದಲ್ಲಿ ಮಾತ್ರ ಉಳಿದಿರಬೇಕು. ಆ ಯಂತ್ರವನ್ನು ನಿಲ್ಲಿಸಿ ಹತ್ತು ವರ್ಷವಾಗಿತ್ತು. ಯುನಿಕ್ಸ್ ಪಾಠ ಹೇಳಿದವನೆಂಬ ಕಾರಣಕ್ಕೆ ನನಗೆ ಕರೆ ಬಂತು.

ವಿದ್ಯುತ್ತು ಕೊಟ್ಟಾಗ ಯಂತ್ರ ಎದ್ದಿತು. ಆದರೆ ತನಗೆ ಡಿಸ್ಕೇ ಇಲ್ಲವೆಂದಿತು. ಬ್ಯಾಟರಿ ಸತ್ತಿತ್ತು. ಡಿಸ್ಕಿನ ಅಳತೆ ತಿಳಿಯದೆ ಮುಂದಿನ ಹೆಜ್ಜೆಯಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಅದರ ಒಳಮೈಗೆ ಅಂಟಿಸಿದ ಒಂದು ಕಾಗದದ ತುಂಡು ಸಿಕ್ಕಿತು. ಅದರಲ್ಲಿ ಯಾರೋ ಒಬ್ಬರು ದುಂಡಗಿನ ಅಕ್ಷರದಲ್ಲಿ ‘ಡಿಸ್ಕ್: ೮೨೦, ೬, ೧೭’ ಎಂದು ಬರೆದಿಟ್ಟಿದ್ದರು. ಅರಿಯದವರಿಗೆ ಅದು ಯಾವುದೋ ಖಾತೆಯ ಸಂಖ್ಯೆಯಂತೆ ಕಂಡೀತು. ಅರಿತವರಿಗೆ ಅದು ೮೨೦ ಸಿಲಿಂಡರು, ೬ ತಲೆ, ೧೭ ಖಂಡ. ಗುಣಿಸಿದರೆ ೮೩,೬೪೦ ಖಂಡಗಳು, ಸುಮಾರು ೪೩ ಮೆಗಾಬೈಟಿನ ಡಿಸ್ಕು. ಇಂದಿನ ಮೊಬೈಲಿನ ಒಂದು ಚಿಕ್ಕ ಚಲಚಿತ್ರದಷ್ಟೂ ಅಲ್ಲದ ಆ ಜಾಗದಲ್ಲಿ ಊರಿನ ನೂರಾರು ಮನೆಗಳ ಕೊಡುಕೊಳೆ ಇತ್ತು. ಮೂರು ಸಂಖ್ಯೆಗಳನ್ನು ತುಂಬಿದಾಗ ಡಿಸ್ಕು ತಿರುಗಿತು. ಆದರೆ ತೆರೆಯ ಮೇಲೆ ಮೂಡಿದುದು ‘ನೋ ಓ.ಎಸ್.’ ಎಂಬ ಎರಡೇ ಮಾತು. ಮೊದಲ ಖಂಡದ ಹೆಪ್ಪು ಕೆಟ್ಟಿತ್ತು.

ಹಿಂದಿನವರು ಮಾಡಿಟ್ಟ ತುರ್ತು ಫ್ಲಾಪಿಗಳು ಮೂರು ಇದ್ದುವು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಎರಡರ ಮೇಲೆ ಬೂಷ್ಟು ಹಿಡಿದಿತ್ತು. ಮೂರನೆಯದು ಕೆಲಸಕ್ಕೆ ಬಂತು. ಅದರ ತಿರುಳಿನಿಂದ ಯಂತ್ರವನ್ನು ಎಬ್ಬಿಸಿ ಡಿಸ್ಕನ್ನು ನೋಡಿದರೆ ಒಳಗಿನ ಕಡತಗಳಿಗೆ ಏನೂ ಆಗಿರಲಿಲ್ಲ. ಮೊದಲು ಲೆಕ್ಕದ ಕಡತಗಳನ್ನೆಲ್ಲ ಹೊರಕ್ಕೆ ನಕಲು ಮಾಡಿಕೊಂಡೆವು. ಅದಾಗುವ ತನಕ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ. ಅನಂತರ ಹೆಪ್ಪಿನ ಒಂದೊಂದು ಮೆಟ್ಟಿಲನ್ನೂ ಅದರದರ ಸ್ಥಾನದಲ್ಲಿ ಕ್ರಮವಾಗಿ ಬರೆದು, ಫ್ಲಾಪಿಯನ್ನು ತೆಗೆದು, ಯಂತ್ರವನ್ನು ಮತ್ತೆ ಎಬ್ಬಿಸಿದಾಗ ‘ಬೂಟ್’ ಎಂಬ ಪದವೂ ಎರಡು ಚುಕ್ಕೆಗಳೂ ಕಾಣಿಸಿದುವು. ಆ ರೈತರ ಖಾತೆಯ ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆ ಎಂದಿತ್ತು. ಮನೆಯವರ ಋಣ ಬಿಡುಗಡೆಯಾದುದು ಆ ಸೊನ್ನೆಯಿಂದ ಎಂದು ಅವರು ತಿಳಿದರು. ಮುಚ್ಚಳದೊಳಗಿನ ಮೂರು ಸಂಖ್ಯೆಗಳಿಲ್ಲದೆ ಆ ಸೊನ್ನೆ ಸಿಕ್ಕುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಅದನ್ನು ಬರೆದವರು ಯಾರೆಂದು ಸಂಸ್ಥೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಯುನಿಕ್ಸಿನ ಹಾದಿಯಲ್ಲೇ ಬಂದ ಲಿನಕ್ಸ್ ೧೯೯೧ರಲ್ಲಿ ಹುಟ್ಟಿತು. ಮರುವರ್ಷ ವರ್ನರ್ ಆಲ್ಮ್ಸ್‌ಬರ್ಗರ್ ಎಂಬವರು ಅದಕ್ಕೆ ‘ಲಿಲೋ’ ಎಂಬ ಹೆಪ್ಪನ್ನು ರಚಿಸಿದರು. ಇಂಗ್ಲಿಷಿನಲ್ಲಿ ಅದರ ಹೆಸರಿಗೆ ನಾಲ್ಕು ಅಕ್ಷರಗಳು. ಒಂದೊಂದು ಹಂತ ಮುಗಿದಂತೆ ಒಂದೊಂದು ಅಕ್ಷರ ತೆರೆಯ ಮೇಲೆ ಮೂಡುತ್ತಿತ್ತು. ಎಲ್ಲಿ ನಿಂತಿತೋ ಅಲ್ಲಿ ರೋಗವೆಂದು ತಿಳಿಯಬಹುದಾಗಿತ್ತು. ಆದರೆ ಅದು ತಿರುಳಿನ ಜಾಗವನ್ನು ಹೆಸರಿನಿಂದ ಅರಿಯದೆ, ಡಿಸ್ಕಿನ ಖಂಡಗಳ ಲೆಕ್ಕದಿಂದ ನೆನಪಿಡುತ್ತಿತ್ತು. ತಿರುಳನ್ನು ಬದಲಿಸಿ, ಲಿಲೋಗೆ ಹೇಳಲು ಮರೆತರೆ ಮರುದಿನ ಯಂತ್ರ ಏಳುತ್ತಿರಲಿಲ್ಲ. ೧೯೯೫ರಲ್ಲಿ ಎರಿಕ್ ಬೋಲಿನ್ ಆರಂಭಿಸಿದ ‘ಗ್ರಬ್’ ಈ ಕುಂದನ್ನು ನೀಗಿತು. ಅದು ಕಡತಗಳನ್ನು ಹೆಸರು ಹಿಡಿದು ಹುಡುಕಬಲ್ಲುದು. ಥಾಮ್ಸನ್ ಮತ್ತು ರಿಚಿಯವರ ೫೧೨ ಬೈಟಿನ ಹೆಪ್ಪು ೧೯೭೫ರಲ್ಲೇ ಇದನ್ನು ಮಾಡುತ್ತಿತ್ತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಗ್ರಬ್ಬಿನ ಕಾಲಕ್ಕೆ ನಮ್ಮ ಮೂರು ಊರುಗಳ ಚಿತ್ರವೂ ಬದಲಾಗಿತ್ತು. ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ ೨೦೦೧ರಲ್ಲಿ ಕೆನರಾ ಎಂಜಿನಿಯರಿಂಗ್ ಕಾಲೇಜು, ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ೨೦೦೭ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ತಾಂತ್ರಿಕ ಮಹಾವಿದ್ಯಾಲಯ, ಮೂಡುಬಿದಿರೆಯ ಮಿಜಾರಿನಲ್ಲಿ ೨೦೦೮ರಲ್ಲಿ ಆಳ್ವಾಸ್ ತಾಂತ್ರಿಕ ಕಾಲೇಜು ಆರಂಭವಾದುವು. ಒಂದು ಕಾಲಕ್ಕೆ ಅಡಕೆ ಮತ್ತು ರಬ್ಬರಿನ ಮಾತಷ್ಟೇ ಕೇಳುತ್ತಿದ್ದ ಗುಡ್ಡಗಳ ಮೇಲೆ ಸಾವಿರಾರು ಮಕ್ಕಳು ಯುನಿಕ್ಸನ್ನು ಪಾಠವಾಗಿ ಓದಿದರು. ವಿಂಡೋಸಿನ ಪಕ್ಕದಲ್ಲಿ ಲಿನಕ್ಸನ್ನು ಕೂರಿಸಲು ಹೋಗಿ ಹೆಪ್ಪು ಕೆಡಿಸಿಕೊಂಡು, ರಾತ್ರಿಯಿಡೀ ಕುಳಿತು ಸರಿಪಡಿಸಿಕೊಂಡ ವಿದ್ಯಾರ್ಥಿಗಳನ್ನು ನಾನು ಬಹಳ ಕಂಡಿದ್ದೇನೆ. ಪುಸ್ತಕದಿಂದ ಕಲಿಯಲಾಗದುದನ್ನು ಅವರು ಆ ಒಂದು ರಾತ್ರಿಯಲ್ಲಿ ಕಲಿಯುತ್ತಿದ್ದರು. ಈಗಿನ ಯಂತ್ರಗಳಲ್ಲಿ ೫೧೨ ಬೈಟಿನ ಇಕ್ಕಟ್ಟಿಲ್ಲ. ೨೦೦೫ರಲ್ಲಿ ರೂಪುಗೊಂಡ ಒಂದು ಒಕ್ಕೂಟದ ಕಟ್ಟಳೆಯಂತೆ ಹೆಪ್ಪು ತನ್ನದೇ ಪಾಲಿನಲ್ಲಿ ಸಾಧಾರಣ ಕಡತದಂತೆ ಕುಳಿತಿರುತ್ತದೆ. ಕೆಲಸ ಸುಲಭವಾಗಿದೆ, ಆದ್ದರಿಂದಲೇ ಅದರ ಅರಿವೂ ಕಡಿಮೆಯಾಗುತ್ತಿದೆ.

ಇಲ್ಲಿ ನನಗೆ ಮೂಡುಬಿದಿರೆಯದೇ ಇನ್ನೊಂದು ಕಥೆ ನೆನಪಾಗುತ್ತದೆ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳಿವೆ. ಪ್ರಾಕೃತದ ಗ್ರಂಥ, ಹಳೆಯ ಕನ್ನಡ ಲಿಪಿ. ಬೇರೆಲ್ಲೂ ಉಳಿಯದ ಆ ಗ್ರಂಥಗಳು ಶತಮಾನಗಳ ಕಾಲ ಇಲ್ಲಿ ಜೋಪಾನವಾಗಿದ್ದುವು. ಭಕ್ತರು ದೂರದೂರದಿಂದ ಬಂದು ದರ್ಶನ ಮಾಡಿ ಹೋಗುತ್ತಿದ್ದರು. ಆದರೆ ಓದುವವರು ಇರಲಿಲ್ಲ. ಆ ಲಿಪಿಯನ್ನೂ ಆ ಭಾಷೆಯನ್ನೂ ಒಟ್ಟಿಗೆ ಬಲ್ಲವರು ಅಪರೂಪವಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳಂಥವರು ಅದನ್ನು ಓದಬಲ್ಲವರಾಗಿದ್ದುದರಿಂದ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಅದು ಹಲವು ವರ್ಷ ನಡೆಯಿತು. ೧೯೩೯ರಲ್ಲಿ ಹೀರಾಲಾಲ್ ಜೈನ್ ಅವರು ಅಮರಾವತಿಯಿಂದ ಧವಲದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಓಲೆಗಳನ್ನು ಕಾದವರ ಶ್ರಮ ಸಾರ್ಥಕವಾದುದು, ಓದುವ ವಿದ್ಯೆಯ ಒಂದು ಎಳೆ ಯಾರೋ ಕೆಲವರಲ್ಲಿ ಉಳಿದಿದ್ದುದರಿಂದ. ಓಲೆ ಉಳಿದು ಆ ಎಳೆ ಕಡಿದುಹೋಗಿದ್ದರೆ ನಮಗೆ ದೊರೆಯುತ್ತಿದ್ದುದು ದರ್ಶನ ಮಾತ್ರ.

ತಾಳೆಯೋಲೆ ಎಣ್ಣೆ ಸವರಿಸಿಕೊಂಡು ಎಂಟು ನೂರು ವರ್ಷ ಬಾಳಬಲ್ಲುದು. ಫ್ಲಾಪಿ ನಮ್ಮ ಮಳೆಗಾಲದಲ್ಲಿ ಇಪ್ಪತ್ತು ವರ್ಷ ಬಾಳಿದರೆ ಹೆಚ್ಚು. ೧೯೨೩ ಮತ್ತು ೧೯೭೪ರ ನೇತ್ರಾವತಿಯ ನೆರೆಗಳನ್ನು ಕಂಡ ಬಂಟ್ವಾಳಕ್ಕೆ, ಕಾಗದಪತ್ರ ಹೇಗೆ ಒಂದೇ ರಾತ್ರಿಯಲ್ಲಿ ಇಲ್ಲವಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಗಣಕದ ದಾಖಲೆ ಕಳೆದುಹೋಗಲು ನೆರೆಯೂ ಬೇಡ, ಗೆದ್ದಲೂ ಬೇಡ. ದಾಖಲೆಯೆಲ್ಲ ಅಲ್ಲೇ ಇದ್ದು, ಮೊದಲಿನ ೫೧೨ ಬೈಟು ಕೆಟ್ಟರೆ ಸಾಕು. ಆ ೫೧೨ ಬೈಟನ್ನು ಮತ್ತೆ ಬರೆಯಬಲ್ಲವರು ಇಲ್ಲವಾದರೆ ಸಾಕು. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂಬ ಹೆಸರುಗಳೇ ೨೦೧೯ ಮತ್ತು ೨೦೨೦ರ ವಿಲೀನಗಳಲ್ಲಿ ಇತಿಹಾಸಕ್ಕೆ ಸೇರಿವೆ. ದೊಡ್ಡ ಬ್ಯಾಂಕುಗಳ ಲೆಕ್ಕ ಹೊಸ ಯಂತ್ರಗಳಿಗೆ ದಾಟಿಕೊಂಡಿರುತ್ತದೆ. ನನಗೆ ಚಿಂತೆಯಿರುವುದು ಹಳ್ಳಿಯ ಸಹಕಾರಿ ಸಂಘಗಳು, ಶಾಲೆಗಳು, ಸಣ್ಣ ಮುದ್ರಣಾಲಯಗಳು ಅಟ್ಟಕ್ಕೆ ಸೇರಿಸಿದ ಪೆಟ್ಟಿಗೆಗಳ ಬಗ್ಗೆ. ಅವು ಗುಜರಿಗೆ ಹೋಗುವಾಗ ಒಂದು ಕಾಲದ ಈ ನಾಡಿನ ಜನಜೀವನದ ಲೆಕ್ಕವೂ ತೂಕಕ್ಕೆ ಹೋಗುತ್ತದೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಹಳೆಯ ಯಂತ್ರವನ್ನು ಎಸೆಯುವ ಮೊದಲು ಅದರ ಡಿಸ್ಕಿನ ಪೂರ್ಣ ಪ್ರತಿಯನ್ನು, ಮೊದಲ ಖಂಡವೂ ಸೇರಿದಂತೆ, ತೆಗೆದಿಡಬಹುದು. ಫ್ಲಾಪಿಗಳ ಪ್ರತಿಯನ್ನೂ ತೆಗೆದಿಡಬಹುದು. ಡಿಸ್ಕಿನ ಅಳತೆಯನ್ನೂ ಎಬ್ಬಿಸುವ ಕ್ರಮವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಡಬಹುದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥ ಕಡೆ ಹಳೆಯ ಕ್ಯಾಮರಾಗಳಿಗೆ ಇರುವ ಗೌರವ, ತನ್ನ ಹೆಪ್ಪಿನ ಸಮೇತವಾದ ಒಂದು ಯುನಿಕ್ಸ್ ಯಂತ್ರಕ್ಕೂ ದೊರೆತರೆ ಚೆಂದ. ಹಳೆಯ ಯಂತ್ರ ಸಿಕ್ಕದಿದ್ದರೂ ಕಲಿಯಲು ಅಡ್ಡಿಯಿಲ್ಲ. ಪಿ.ಡಿ.ಪಿ.-೧೧ರಂತೆಯೇ ನಡೆಯುವ ಅನುಕರಣ ಯಂತ್ರವನ್ನು ಬಾಬ್ ಸಪ್ನಿಕ್ ಎಂಬವರು ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ; ಪುರಾತನ ಯುನಿಕ್ಸ್ ಆವೃತ್ತಿಗಳನ್ನು ೨೦೦೨ರ ಜನವರಿಯಲ್ಲಿ ಕಾಲ್ಡೆರಾ ಸಂಸ್ಥೆ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಉಜಿರೆಯ ಹಾಸ್ಟೆಲಿನಲ್ಲಿರುವ ಒಬ್ಬ ವಿದ್ಯಾರ್ಥಿ ಇಂದು ರಾತ್ರಿಯೇ ತನ್ನ ಯಂತ್ರದೊಳಗೆ ಆರನೆಯ ಆವೃತ್ತಿಯನ್ನು ಎಬ್ಬಿಸಿ, ‘@’ ಎಂಬ ಚಿಹ್ನೆಯ ಮುಂದೆ ತಿರುಳಿನ ಹೆಸರನ್ನು ಬರೆದು ನೋಡಬಹುದು.

ಯಂತ್ರಗಳು ಬೇಗ ಹಳತಾಗುತ್ತವೆ; ಅದಕ್ಕೆ ಕೊರಗಬೇಕಾಗಿಲ್ಲ. ಆದರೆ ಯಾವ ಯಂತ್ರವೂ ತನ್ನ ಮೊದಲ ಮಾತನ್ನು ತಾನೇ ಕಲಿತುದಲ್ಲ, ಯಾರೋ ಹೇಳಿಕೊಟ್ಟುದು. ಆ ಮಾತನ್ನು ಉಳಿಸಿಕೊಳ್ಳುವ ಹೊಣೆ ಯಂತ್ರದ್ದಲ್ಲ, ನಮ್ಮದು. ಮನೆಯಲ್ಲಿ ಎಷ್ಟೇ ಮೊಸರು ಬಡಿಸಿದರೂ ಪಾತ್ರೆಯ ತಳದಲ್ಲಿ ನಾಳೆಗೊಂದು ಚಮಚೆ ಬಿಡುವುದನ್ನು ನಮ್ಮ ಹೆಂಗಸರು ಮರೆಯುವುದಿಲ್ಲ. ನಮ್ಮ ಸಂಸ್ಥೆಗಳೂ ಅಷ್ಟನ್ನು ಕಲಿತರೆ ಸಾಕು.

(ಬಾನುಲಿ ಭಾಷಣ)